ಗ್ರಂಥಾಲಯ ಹೊಸದಾಯಿತು, ಓದು ಏನಾಯಿತು?

ವಿಶ್ವವಿದ್ಯಾಲಯವೊಂದು ಕೋಟಿಗಟ್ಟಲೆ ಖರ್ಚು ಮಾಡಿ ತನ್ನ ಗ್ರಂಥಾಲಯವನ್ನು ನವೀಕರಿಸುತ್ತದೆ. ಹಳೆಯ ರ‍್ಯಾಕುಗಳು ಹೋಗಿ ಗಾಜಿನ ಕೋಣೆಗಳು ಬರುತ್ತವೆ. ಉದ್ದನೆಯ ಮೇಜುಗಳಿದ್ದ ಕಡೆ ದುಂಡು ಮೇಜು, ಮೆತ್ತನೆಯ ಸೋಫಾ, ಗೋಡೆಗೆ ದೊಡ್ಡ ಪರದೆ, ಅಲ್ಲಲ್ಲಿ ಚಾರ್ಜಿಂಗ್ ಪಾಯಿಂಟ್. ವರ್ಷ ಕಳೆದ ಮೇಲೆ ಹಾಕಿದ ಹಣ ಸಾರ್ಥಕವಾಯಿತೇ ಎಂದು ಯಾರಾದರೂ ಕೇಳಿದರೆ ಬಹುತೇಕ ಎಲ್ಲ ಕಡೆ ಸಿಗುವ ಉತ್ತರ ಒಂದೇ: ಮೊದಲಿಗಿಂತ ಹೆಚ್ಚು ವಿದ್ಯಾರ್ಥಿಗಳು ಬರುತ್ತಿದ್ದಾರೆ. ಬಾಗಿಲಲ್ಲಿರುವ ರಿಜಿಸ್ಟರು, ಇಲ್ಲವೇ ಗುರುತಿನ ಚೀಟಿ ಸ್ಕ್ಯಾನ್ ಮಾಡುವ ಗೇಟು ಆ ಸಂಖ್ಯೆಯನ್ನು ಒದಗಿಸುತ್ತದೆ. ಸಂಖ್ಯೆ ನಿಜವೇ ಇರುತ್ತದೆ. ಆದರೆ ಜಾಗ ಬದಲಿಸಿದ್ದು ವಿದ್ಯಾರ್ಥಿಗಳು ಇನ್ನಷ್ಟು ಚೆನ್ನಾಗಿ ಕಲಿಯಲಿ ಎಂಬ ಕಾರಣಕ್ಕೆ. ಬಂದವರು ಒಳಗೆ ಏನು ಮಾಡಿದರು, ಆ ಕೆಲಸಕ್ಕೆ ಜಾಗ ನೆರವಾಯಿತೋ ಅಡ್ಡಿಯಾಯಿತೋ, ಬರಬೇಕಿದ್ದವರಲ್ಲಿ ಯಾರು ಬರಲೇ ಇಲ್ಲ ಎಂದು ಕೇಳದೆ ನವೀಕರಣ ಗೆದ್ದಿತೆಂದು ಹೇಳಲು ಬರುವುದಿಲ್ಲ. ಇವನ್ನು ಉದ್ಘಾಟನೆ ಮುಗಿದ ಮೇಲೆ ಕೇಳಿದರೆ ತಡವಾಗಿರುತ್ತದೆ. ನಕ್ಷೆ ಬರೆಯುವ ಮೊದಲೇ ಕೇಳಬೇಕು.

ಜಾಗದ ಪ್ರಶ್ನೆ ಇಷ್ಟು ಮುನ್ನೆಲೆಗೆ ಬಂದದ್ದು ಪುಸ್ತಕಕ್ಕೂ ಕಟ್ಟಡಕ್ಕೂ ಇದ್ದ ನಂಟು ಸಡಿಲವಾದ ಮೇಲೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯ 1992ರಲ್ಲಿ ಗ್ರಂಥಾಲಯದೊಳಗೆ ಕಂಪ್ಯೂಟರ್ ಮತ್ತು ಅದನ್ನು ಕಲಿಸುವ ಸಿಬ್ಬಂದಿಯನ್ನು ಒಂದೇ ಕಡೆ ಕೂಡಿಸಿತು. ಎರಡು ವರ್ಷದ ನಂತರ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೀವಿ ಗ್ರಂಥಾಲಯ ಅದೇ ಹಾದಿ ಹಿಡಿಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ಕ್ಯಾಲಿಡೋನಿಯನ್ ವಿಶ್ವವಿದ್ಯಾಲಯದ ಸಾಲ್ಟೈರ್ ಕೇಂದ್ರ 2006ರಲ್ಲಿ ತೆರೆದಾಗ ನೆಲಮಹಡಿಯಲ್ಲಿ ಮಾತುಕತೆಗೆ ಅವಕಾಶವಿಟ್ಟು, ಮೇಲೇರಿದಂತೆ ಸದ್ದು ಇಳಿಯುವ ಹಾಗೆ ಮಹಡಿಗಳನ್ನು ಹಂಚಲಾಯಿತು. ಅಮೆರಿಕದ ಜಾರ್ಜಿಯಾ ಟೆಕ್ ಇನ್ನೂ ಮುಂದೆ ಹೋಗಿ ಎಮರಿ ವಿಶ್ವವಿದ್ಯಾಲಯದ ಜೊತೆ ಸೇರಿ ಬೇರೊಂದು ಉಗ್ರಾಣ ಕಟ್ಟಿತು. 2016ರಲ್ಲಿ ಅದು ತೆರೆದ ಮೇಲೆ ತನ್ನ ಮುದ್ರಿತ ಸಂಗ್ರಹದ ಬಹುಪಾಲನ್ನು ಅಲ್ಲಿಗೆ ಸಾಗಿಸಿ, ತೆರವಾದ ಮಹಡಿಗಳನ್ನು ಓದುವವರಿಗೆ ಬಿಟ್ಟುಕೊಟ್ಟಿತು. ನಮ್ಮಲ್ಲೂ ಪತ್ರಿಕೆಗಳ ಸಂಗ್ರಹ ಪರದೆಗೆ ಸರಿಯುತ್ತಿದೆ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆಲ್ಲ ವಿದ್ವತ್ ಪತ್ರಿಕೆಗಳನ್ನು ಒದಗಿಸುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿರಿಸಿತು. ಸಂಪುಟಗಟ್ಟಿದ ಹಳೆಯ ಪತ್ರಿಕೆಗಳ ಸಾಲುಗಳು ತೆರವಾದಂತೆಲ್ಲ ಆ ಜಾಗದಲ್ಲಿ ಏನು ಮಾಡಬೇಕೆಂಬ ಪ್ರಶ್ನೆ ಪ್ರತಿ ಗ್ರಂಥಪಾಲಕರ ಮೇಜಿಗೂ ಬರಲಿದೆ.

ಯೇಲ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನಿವೃತ್ತರಾದ ಸ್ಕಾಟ್ ಬೆನೆಟ್ ಈ ವಿಷಯವನ್ನು ಬೆನ್ನುಹತ್ತಿದವರಲ್ಲಿ ಪ್ರಮುಖರು. 1992ರಿಂದ 2001ರವರೆಗೆ ಅಮೆರಿಕದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಕಟ್ಟಿದ, ನವೀಕರಿಸಿದ ಗ್ರಂಥಾಲಯಗಳ ಬಗ್ಗೆ ಅವುಗಳ ಮುಖ್ಯಸ್ಥರನ್ನೇ ವಿಚಾರಿಸಿ ಅವರು 2003ರಲ್ಲಿ ಒಂದು ವರದಿ ಪ್ರಕಟಿಸಿದರು. ಅಲ್ಲಿ ಕಂಡದ್ದು ಕಸಿವಿಸಿ ಹುಟ್ಟಿಸುವಂಥದ್ದು. ಗ್ರಂಥಾಲಯದ ದೈನಂದಿನ ವ್ಯವಹಾರ ಹೇಗೆ ನಡೆಯಬೇಕು, ಬೆಳೆಯುವ ಸಂಗ್ರಹವನ್ನು ಎಲ್ಲಿಡಬೇಕು ಎಂಬುದರ ಬಗ್ಗೆ ಯೋಜನೆ ಮಾಡಿದವರಿಗೆ ಖಚಿತ ಮಾಹಿತಿ ಇತ್ತು. ತಮ್ಮ ವಿದ್ಯಾರ್ಥಿಗಳು ಹೇಗೆ ಕಲಿಯುತ್ತಾರೆ, ಅಧ್ಯಾಪಕರು ಹೇಗೆ ಕಲಿಸುತ್ತಾರೆ ಎಂಬುದನ್ನು ವ್ಯವಸ್ಥಿತವಾಗಿ ಅರಿತು ಕಟ್ಟಡ ರೂಪಿಸಿದವರು ತೀರ ಕಡಿಮೆ. ಮುಂದೆ 2007ರಲ್ಲಿ ಬೆನೆಟ್ ಯೋಜಕರು ಮೊದಲೇ ಕೇಳಿಕೊಳ್ಳಬೇಕಾದ ಆರು ಪ್ರಶ್ನೆಗಳನ್ನು ಮುಂದಿಟ್ಟರು. ಅವುಗಳಲ್ಲಿ ಮೊದಲನೆಯದೇ ಅತ್ಯಂತ ಕಠಿಣ: ಅಂತರ್ಜಾಲದಲ್ಲಿ ಆಗದ ಯಾವ ಕಲಿಕೆ ಇಲ್ಲಿ ಆಗಲಿದೆ ಎಂದು ನಾವು ಇಟ್ಟಿಗೆ ಗಾರೆಯ ಕೋಣೆ ಕಟ್ಟುತ್ತಿದ್ದೇವೆ? ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಗ್ರಂಥಾಲಯದ ಕಟ್ಟಡ ಏಕೆ ಎಂದು ಕೇಳುವವರಿಗೆ ಕೊಡಬೇಕಾದ ಉತ್ತರವೂ ಈ ಪ್ರಶ್ನೆಯ ಉತ್ತರದಲ್ಲೇ ಇದೆ. ಉತ್ತರ ಬರೆದಿಟ್ಟಿರದಿದ್ದರೆ ನವೀಕರಣವನ್ನು ಆಮೇಲೆ ಒರೆಗೆ ಹಚ್ಚುವುದು ಸಾಧ್ಯವಿಲ್ಲ, ಏಕೆಂದರೆ ಯಾವುದಕ್ಕೆ ಹೋಲಿಸಿ ನೋಡಬೇಕೆಂಬುದೇ ಗೊತ್ತಿರುವುದಿಲ್ಲ.

ಬಾಗಿಲ ಲೆಕ್ಕ ಎಷ್ಟು ಬಲಹೀನ ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಬ್ರಿಟನ್ನಿನಲ್ಲಿ ಸಿಗುತ್ತದೆ. ಹಡರ್ಸ್‌ಫೀಲ್ಡ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಎಂಟು ವಿಶ್ವವಿದ್ಯಾಲಯಗಳು ಸೇರಿ 33 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ಕಲೆಹಾಕಿದವು. ಆ ಅಧ್ಯಯನದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಪ್ರತಿ ವಿದ್ಯಾರ್ಥಿ ಎರವಲು ಪಡೆದ ಪುಸ್ತಕಗಳೆಷ್ಟು, ವಿದ್ಯುನ್ಮಾನ ಸಂಪನ್ಮೂಲಗಳನ್ನು ಎಷ್ಟು ಬಳಸಿದ, ಗ್ರಂಥಾಲಯದ ಗೇಟನ್ನು ಎಷ್ಟು ಸಲ ದಾಟಿದ ಎಂಬ ಮೂರು ಅಂಕಿಗಳನ್ನು ಅವನ ಅಂತಿಮ ಪದವಿ ದರ್ಜೆಯ ಜೊತೆ ಇಟ್ಟು ನೋಡಲಾಯಿತು. ಎರವಲಿಗೂ ದರ್ಜೆಗೂ ಗಣನೀಯ ಸಂಬಂಧ ಕಂಡಿತು, ವಿದ್ಯುನ್ಮಾನ ಬಳಕೆಗೂ ದರ್ಜೆಗೂ ಕಂಡಿತು. ಗೇಟು ದಾಟಿದ ಲೆಕ್ಕಕ್ಕೂ ದರ್ಜೆಗೂ ಅಂಥ ಸಂಬಂಧ ಕಾಣಲಿಲ್ಲ. ಇದನ್ನು ಎಚ್ಚರದಿಂದಲೇ ಓದಬೇಕು. ಸಂಬಂಧ ಇದೆ ಎಂದ ಮಾತ್ರಕ್ಕೆ ಪುಸ್ತಕ ಎರವಲು ಪಡೆದದ್ದರಿಂದಲೇ ದರ್ಜೆ ಏರಿತು ಎಂದಾಗುವುದಿಲ್ಲ, ಸಂಶೋಧಕರೂ ಹಾಗೆ ಹೇಳಲಿಲ್ಲ. ಮೊದಲೇ ಶ್ರದ್ಧೆಯಿರುವವರು ಹೆಚ್ಚು ಪುಸ್ತಕ ಒಯ್ಯುತ್ತಿರಬಹುದು. ಗೇಟಿನ ಲೆಕ್ಕಕ್ಕೆ ಸಂಬಂಧ ಕಾಣದಿದ್ದುದರಿಂದ ಗ್ರಂಥಾಲಯಕ್ಕೆ ಬರುವುದೇ ವ್ಯರ್ಥ ಎಂದೂ ಆಗುವುದಿಲ್ಲ. ಆರು ಗಂಟೆ ಕೂತು ಪ್ರಬಂಧ ಬರೆದವನೂ ಗೆಳೆಯನನ್ನು ಹುಡುಕಿಕೊಂಡು ಬಂದು ಐದು ನಿಮಿಷಕ್ಕೆ ಹೊರಟವನೂ ಗೇಟಿಗೆ ಒಂದೇ ಎಣಿಕೆ. ಕಲಿಕೆಯ ಸುಳಿವು ಅದರಲ್ಲಿ ಉಳಿಯುವುದಿಲ್ಲ. ಹಾಗಿದ್ದ ಮೇಲೆ ಹೊಸ ಒಳಾಂಗಣಕ್ಕೆ ಹೆಚ್ಚು ಜನ ಬಂದರೆಂಬ ಒಂದೇ ಅಂಕಿಯ ಮೇಲೆ ಕಲಿಕೆ ಸುಧಾರಿಸಿತೆಂದು ಘೋಷಿಸುವುದು ಹೇಗೆ?

ಇದು ದೂರದ ದೇಶದ ತಾಂತ್ರಿಕ ಚರ್ಚೆ ಎಂದು ಬದಿಗಿಡುವಂತಿಲ್ಲ. ಬೆಂಗಳೂರಿನ ನಾಗರಬಾವಿಯಲ್ಲಿ ಕೇಂದ್ರ ಕಚೇರಿಯಿರುವ, ಉನ್ನತ ಶಿಕ್ಷಣ ಸಂಸ್ಥೆಗಳ ಮೌಲ್ಯಾಂಕನ ಮಾಡುವ ನ್ಯಾಕ್ 2017ರಲ್ಲಿ ಜಾರಿಗೆ ತಂದ ಪರಿಷ್ಕೃತ ಪದ್ಧತಿಯಲ್ಲಿ ಗ್ರಂಥಾಲಯವನ್ನು ಕಲಿಕೆಯ ಸಂಪನ್ಮೂಲವೆಂದೇ ಕರೆದಿದೆ. ಆದರೆ ಅದರ ಕೆಳಗೆ ಕೇಳುವ ವಿವರಗಳೆಂದರೆ ಗ್ರಂಥಾಲಯ ಕಂಪ್ಯೂಟರೀಕರಣಗೊಂಡಿದೆಯೇ, ಯಾವ ವಿದ್ಯುನ್ಮಾನ ಚಂದಾಗಳಿವೆ, ಪುಸ್ತಕ ಪತ್ರಿಕೆಗಳಿಗೆ ವರ್ಷಕ್ಕೆ ಎಷ್ಟು ಖರ್ಚಾಗಿದೆ, ದಿನಕ್ಕೆ ಶೇಕಡಾ ಎಷ್ಟು ಮಂದಿ ವಿದ್ಯಾರ್ಥಿ ಮತ್ತು ಅಧ್ಯಾಪಕರು ಬಳಸುತ್ತಾರೆ ಎಂಬವು. ಆ ಕೊನೆಯ ಶೇಕಡಾವಾರು ಬರುವುದು ಬಾಗಿಲು ದಾಟಿದವರ ಮತ್ತು ಲಾಗಿನ್ ಆದವರ ಲೆಕ್ಕದಿಂದ. ಕಾಲೇಜುಗಳು ಯಾವುದಕ್ಕೆ ಅಂಕ ಸಿಗುತ್ತದೋ ಅದರ ದಾಖಲೆ ಇಡುತ್ತವೆ, ಅದರಲ್ಲಿ ಆಶ್ಚರ್ಯವಿಲ್ಲ. ಪರಿಣಾಮ ಏನೆಂದರೆ ರಿಜಿಸ್ಟರಿಗೆ ಸಹಿ ಹಾಕಿಸಲು ತೋರುವ ಕಾಳಜಿಯಲ್ಲಿ ಅರ್ಧದಷ್ಟನ್ನೂ ಓದುಕೋಣೆಯ ಬೆಳಕು, ಸದ್ದು, ಕುರ್ಚಿಗಳನ್ನು ಗಮನಿಸಲು ತೋರುವ ಒತ್ತಡ ಯಾರ ಮೇಲೂ ಬೀಳುವುದಿಲ್ಲ. ಅಳತೆ ತಪ್ಪಾದಾಗ ಒಳ್ಳೆಯ ಮನಸ್ಸಿನ ಆಡಳಿತವೂ ತಪ್ಪು ಕಡೆಗೇ ದುಡಿಯುತ್ತದೆ.

ಬೇರೆ ದಾರಿ ಇದೆಯೇ? ಇದೆ, ಅದನ್ನು ಒಂದು ವಿಶ್ವವಿದ್ಯಾಲಯ ನಡೆದು ತೋರಿಸಿದೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದ ಗ್ರಂಥಾಲಯ ನ್ಯಾನ್ಸಿ ಫ್ರೈಡ್ ಫಾಸ್ಟರ್ ಎಂಬ ಮಾನವಶಾಸ್ತ್ರಜ್ಞೆಯನ್ನು ನೇಮಿಸಿಕೊಂಡು 2004ರಿಂದ ಎರಡು ವರ್ಷ ತನ್ನ ಪದವಿ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿತು. ಕೇಳಿದ ಮೂಲ ಪ್ರಶ್ನೆ ಸರಳ: ಸಂಶೋಧನಾ ಪ್ರಬಂಧ ಬರೆಯಬೇಕೆಂದು ಅಧ್ಯಾಪಕರು ಹೇಳಿದ ಮೇಲೆ ವಿದ್ಯಾರ್ಥಿ ನಿಜವಾಗಿ ಏನೇನು ಮಾಡುತ್ತಾನೆ? ಗ್ರಂಥಾಲಯ ನಿಮಗೆ ಇಷ್ಟವಾಯಿತೇ ಎಂಬಂಥ ಪ್ರಶ್ನಾವಳಿ ಹಂಚಿ ಸುಮ್ಮನಾಗಲಿಲ್ಲ. ವಿದ್ಯಾರ್ಥಿಗಳ ಕೈಗೆ ಕ್ಯಾಮೆರಾ ಕೊಟ್ಟು, ಓದಲು ಇಷ್ಟವಾದ ಜಾಗ, ತರಗತಿಗೆ ಹೊತ್ತೊಯ್ಯುವ ಸಾಮಾನು, ಗ್ರಂಥಾಲಯದಲ್ಲಿ ದಿಕ್ಕು ತಪ್ಪಿದಂತೆ ಅನಿಸುವ ತಾಣ ಹೀಗೆ ಒಂದು ಪಟ್ಟಿಯ ಪ್ರಕಾರ ಫೋಟೋ ತೆಗೆದು ತರಲು ಹೇಳಿದರು. ಆವರಣದ ನಕ್ಷೆ ಕೊಟ್ಟು ದಿನವಿಡೀ ಎಲ್ಲೆಲ್ಲಿ ಓಡಾಡಿದರೋ ಗುರುತಿಸಿಕೊಂಡು ಬರಲು ಹೇಳಿದರು. ಪ್ರಬಂಧ ಬರೆದು ಮುಗಿಸಿದವರನ್ನು ಕೂರಿಸಿ ಹಂತಹಂತವಾಗಿ ಮಾಡಿದ್ದನ್ನು ದೊಡ್ಡ ಹಾಳೆಯ ಮೇಲೆ ಚಿತ್ರಿಸಿ ಹೇಳಿಸಿದರು. ರಾತ್ರಿ ಹೊತ್ತು ಹಾಸ್ಟೆಲಿನ ಕೋಣೆಗಳಿಗೂ ಹೋಗಿ ಅಲ್ಲಿ ಓದು ಹೇಗೆ ನಡೆಯುತ್ತದೆಂದು ನೋಡಿದರು. ಈ ಎಲ್ಲ ಕೆಲಸದಲ್ಲಿ ಗ್ರಂಥಾಲಯದ ಸಿಬ್ಬಂದಿಯೇ ತೊಡಗಿಕೊಂಡರು ಎಂಬುದು ಮುಖ್ಯ. ಹೊರಗಿನ ಸಲಹಾ ಸಂಸ್ಥೆಯ ವರದಿಯನ್ನು ಕಪಾಟಿನಲ್ಲಿಡಬಹುದು, ತಾವೇ ಕಣ್ಣಾರೆ ಕಂಡದ್ದನ್ನು ಮರೆಯುವುದು ಕಷ್ಟ.

ಹೊರಬಿದ್ದ ಸಂಗತಿಗಳು ಗ್ರಂಥಪಾಲಕರ ಹಲವು ಊಹೆಗಳನ್ನು ಅಲುಗಿಸಿದವು. ವಿದ್ಯಾರ್ಥಿಗಳ ಹಗಲು ತರಗತಿ, ಕ್ರೀಡೆ, ಸಂಘಟನೆಗಳಲ್ಲೇ ಹರಿದುಹೋಗುತ್ತಿತ್ತು. ಗಂಭೀರ ಬರವಣಿಗೆ ಶುರುವಾಗುತ್ತಿದ್ದದ್ದು ಗ್ರಂಥಪಾಲಕರು ಮನೆಗೆ ಹೋದ ಮೇಲೆ. ಪ್ರಬಂಧದಲ್ಲಿ ಸಿಕ್ಕಿಹಾಕಿಕೊಂಡಾಗ ಎಷ್ಟೋ ಮಂದಿ ಗ್ರಂಥಪಾಲಕರ ಬಳಿಗೆ ಹೋಗದೆ ಅಪ್ಪ ಅಮ್ಮನಿಗೆ ಫೋನು ಮಾಡುತ್ತಿದ್ದರು. ಇದು ತಿಳಿದ ಮೇಲೆ ಗ್ರಂಥಾಲಯ ಹೊಸ ವಿದ್ಯಾರ್ಥಿಗಳ ಪೋಷಕರನ್ನೇ ಉಪಾಹಾರಕ್ಕೆ ಕರೆದು, ಮಕ್ಕಳು ನೆರವು ಕೇಳಿದರೆ ನಮ್ಮ ಬಳಿಗೆ ಕಳಿಸಿ ಎಂದು ಹೇಳತೊಡಗಿತು. ಯಾರ ಬಳಿ ಏನು ಕೇಳಬೇಕೆಂಬ ಇಲಾಖಾವಾರು ವಿಂಗಡಣೆಯೂ ವಿದ್ಯಾರ್ಥಿಗಳ ತಲೆಯಲ್ಲಿ ಇರಲಿಲ್ಲ. ಕಂಪ್ಯೂಟರ್ ತೊಂದರೆಯಿಂದ ಪುಸ್ತಕದ ಹುಡುಕಾಟದವರೆಗೆ ಎಲ್ಲಕ್ಕೂ ಒಂದೇ ಮೇಜು ಇರಬೇಕೆಂದು ಅವರು ಎಣಿಸುತ್ತಿದ್ದರು. ಗ್ಲೀಸನ್ ಗ್ರಂಥಾಲಯ ಎಂದು ಹೆಸರಾದ ಹೊಸ ಓದುತಾಣವನ್ನು ರೂಪಿಸುವಾಗ ವಿದ್ಯಾರ್ಥಿಗಳಿಂದಲೇ ತಮ್ಮ ಕಲ್ಪನೆಯ ಜಾಗವನ್ನು ಬರೆಸಿ, ಆ ಚಿತ್ರಗಳಲ್ಲಿ ಮತ್ತೆ ಮತ್ತೆ ಕಂಡ ಬಯಕೆಗಳನ್ನು ವಾಸ್ತುಶಿಲ್ಪಿಗಳ ಮುಂದಿಡಲಾಯಿತು. ಆ ಜಾಗ 2007ರಲ್ಲಿ ತೆರೆಯಿತು, ಅದೇ ವರ್ಷ ಅಧ್ಯಯನದ ವರದಿಯೂ ಪುಸ್ತಕವಾಗಿ ಬಂತು. ರಾಚೆಸ್ಟರ್ ಅಲ್ಲಿಗೇ ನಿಲ್ಲಿಸಲಿಲ್ಲ. ವಿದ್ಯಾರ್ಥಿಗಳನ್ನು ಮತ್ತೆ ಅಧ್ಯಯನ ಮಾಡಿ 2013ರಲ್ಲಿ ಎರಡನೆಯ ಪುಸ್ತಕ ತಂದಿತು. ಮೊದಲು ನೋಡಿ, ಕಟ್ಟಿ, ಮತ್ತೆ ನೋಡುವ ಈ ಕ್ರಮವನ್ನೇ ಮೌಲ್ಯಮಾಪನ ಎನ್ನಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ಕಲಿಕೆ ನೂರು ಕಾರಣಗಳಿಂದ ಆಗುತ್ತದೆ. ಅಧ್ಯಾಪಕ, ಪಠ್ಯ, ಮನೆಯ ಪರಿಸ್ಥಿತಿ, ವಿದ್ಯಾರ್ಥಿಯ ಹಿಂದಿನ ತಯಾರಿ ಎಲ್ಲವೂ ಸೇರಿರುವಾಗ ಒಂದು ಕೋಣೆಯ ಪಾಲನ್ನು ಬೇರ್ಪಡಿಸುವುದು ಅಸಾಧ್ಯ, ಆದ್ದರಿಂದ ಎಣಿಸಲು ಬರುವುದನ್ನೇ ಎಣಿಸುವುದು ಲೇಸು ಎನ್ನುತ್ತಾರೆ. ಬೇರ್ಪಡಿಸುವುದು ಕಷ್ಟ ಎಂಬುದನ್ನು ಒಪ್ಪಲೇಬೇಕು. ಅಸಾಧ್ಯವಂತೂ ಅಲ್ಲ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಬ್ರೂಕ್ಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬರೇ ಅಧ್ಯಾಪಕರು ಒಂದೇ ಪಠ್ಯವನ್ನು ಎರಡು ಗುಂಪುಗಳಿಗೆ ಕಲಿಸಿದರು. ಒಂದು ಗುಂಪು ಸಾಲು ಕುರ್ಚಿಗಳ ಹಳೆಯ ಕೋಣೆಯಲ್ಲಿ, ಇನ್ನೊಂದು ದುಂಡು ಮೇಜುಗಳ ಹೊಸ ಕೋಣೆಯಲ್ಲಿ. ಹೊಸ ಕೋಣೆಯವರ ಪ್ರವೇಶ ಪರೀಕ್ಷೆಯ ಅಂಕ ಕಡಿಮೆಯಿತ್ತು, ಅದರ ಪ್ರಕಾರ ಅವರ ಫಲಿತಾಂಶವೂ ಕೆಳಗಿರಬೇಕಿತ್ತು. ಆದರೆ ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮನಾಗಿ ನಿಂತವು. ಮುಂದಿನ ಅಧ್ಯಯನದಲ್ಲಿ ಬ್ರೂಕ್ಸ್ ಕೋಣೆಯೊಳಗೆ ನಡೆದದ್ದನ್ನೇ ಗಮನಿಸಿದಾಗ, ಹಳೆಯ ಕೋಣೆಯಲ್ಲಿ ಅದೇ ಅಧ್ಯಾಪಕರು ಹೆಚ್ಚು ಉಪನ್ಯಾಸ ಮಾಡಿ, ಹೊಸ ಕೋಣೆಯಲ್ಲಿ ಹೆಚ್ಚು ಚರ್ಚೆ ನಡೆಸಿದ್ದು ಕಂಡಿತು. ಇದು ತರಗತಿಯ ಕತೆ, ಗ್ರಂಥಾಲಯದ್ದಲ್ಲ. ಒಂದು ಅಧ್ಯಯನದಿಂದ ಎಲ್ಲವೂ ಸಿದ್ಧವಾಗುವುದಿಲ್ಲ. ಆದರೂ ಇದರಿಂದ ಕಲಿಯಬಹುದಾದ ದೊಡ್ಡ ವಿಷಯವಿದೆ: ಜಾಗ ನೇರವಾಗಿ ಅಂಕ ಕೊಡುವುದಿಲ್ಲ, ಅದು ಮನುಷ್ಯರ ನಡವಳಿಕೆಯನ್ನು ಬದಲಿಸುತ್ತದೆ, ಆ ನಡವಳಿಕೆಯಿಂದ ಕಲಿಕೆ ಬದಲಾಗುತ್ತದೆ. ಹಾಗಾಗಿ ಗ್ರಂಥಾಲಯದಲ್ಲೂ ಅಂತಿಮ ಪರೀಕ್ಷೆಯ ಅಂಕವನ್ನೇ ಹಿಡಿದು ಜಗ್ಗಬೇಕಿಲ್ಲ. ಎಷ್ಟು ಹೊತ್ತು ಅಡ್ಡಿಯಿಲ್ಲದೆ ಕೂರುತ್ತಾರೆ, ಒಬ್ಬರಿಗೊಬ್ಬರು ಲೆಕ್ಕ ಬಿಡಿಸಿ ತೋರಿಸುತ್ತಾರೆಯೇ, ಪುಸ್ತಕ ಮತ್ತು ಪರದೆಯನ್ನು ಪಕ್ಕಪಕ್ಕ ಇಟ್ಟು ಬರೆಯಲು ಮೇಜು ಸಾಲುತ್ತದೆಯೇ, ಸಿಕ್ಕಿಬಿದ್ದಾಗ ನೆರವು ಕೇಳುತ್ತಾರೆಯೇ ಎಂಬ ನಡವಳಿಕೆಗಳನ್ನು ಕಣ್ಣಿಂದ ನೋಡಬಹುದು, ನವೀಕರಣದ ಹಿಂದೆ ಮುಂದೆ ಹೋಲಿಸಬಹುದು.

ಎರಡನೆಯ ಆಕ್ಷೇಪ ನಮ್ಮ ನೆಲದ್ದೇ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬ್ಯಾಗು ಇಟ್ಟು ಸಾಲು ನಿಲ್ಲುತ್ತಾರೆ, ಒಂದು ಕುರ್ಚಿಯೂ ಖಾಲಿ ಇರುವುದಿಲ್ಲ, ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೇ ಎಂದು ಕೇಳುತ್ತಾರೆ. ತುಂಬಿದ ಕುರ್ಚಿ ಬೇಡಿಕೆಯನ್ನು ತೋರಿಸುತ್ತದೆ, ಸರಿ. ಆದರೆ ಯಾವುದರ ಬೇಡಿಕೆ? ಕರ್ನಾಟಕದ ವಿಶ್ವವಿದ್ಯಾಲಯಗಳ ಓದುಕೋಣೆಗಳಲ್ಲಿ ಕೆಎಎಸ್, ಎಫ್‌ಡಿಎ, ಪೊಲೀಸ್ ನೇಮಕಾತಿಯಂಥ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತಯಾರಾಗುವವರು ದೊಡ್ಡ ಸಂಖ್ಯೆಯಲ್ಲಿ ಕೂರುತ್ತಾರೆ. ಅವರ ಪುಸ್ತಕ ಅವರ ಬಳಿಯೇ ಇರುತ್ತದೆ. ಬೇಕಾದದ್ದು ನಿಶ್ಶಬ್ದ, ಬೆಳಕು, ಫ್ಯಾನು, ದಿನವಿಡೀ ತನ್ನದೆನ್ನಬಹುದಾದ ಒಂದು ಜಾಗ. ಧಾರವಾಡದಲ್ಲೂ ಬೆಂಗಳೂರಿನ ವಿಜಯನಗರದಲ್ಲೂ ತಿಂಗಳ ಬಾಡಿಗೆಗೆ ಕುರ್ಚಿ ಕೊಡುವ ಖಾಸಗಿ ಓದುಕೋಣೆಗಳು ಹುಟ್ಟಿಕೊಂಡಿರುವುದೇ ಈ ಅಗತ್ಯ ಎಷ್ಟು ತೀವ್ರ ಎಂಬುದಕ್ಕೆ ಸಾಕ್ಷಿ. ಇವರನ್ನು ಹೊರಗಿನವರೆಂದು ದೂಡುವುದು ಅನ್ಯಾಯ. ಹಳ್ಳಿಯಿಂದ ಬಂದು ಚಿಕ್ಕ ಕೋಣೆಯಲ್ಲಿ ನಾಲ್ವರಲ್ಲೊಬ್ಬನಾಗಿ ಇರುವ ಹುಡುಗನಿಗೆ ಗ್ರಂಥಾಲಯದ ಕುರ್ಚಿಯೇ ಅವನ ಓದಿನ ಮನೆ. ಆದರೆ ಅವನ ಅಗತ್ಯ ಒಂದು, ಐದು ಜನ ಸೇರಿ ಪ್ರಾಜೆಕ್ಟ್ ಮಾಡುವ ಎಂಎಸ್ಸಿ ವಿದ್ಯಾರ್ಥಿಗಳ ಅಗತ್ಯ ಇನ್ನೊಂದು. ಹೊರದೇಶದ ಚಿತ್ರ ನೋಡಿ ಎಲ್ಲ ಕಡೆ ಗುಂಪು ಮೇಜು ಹಾಕಿದರೆ ಮೊದಲನೆಯವನು ಸದ್ದಿನ ನಡುವೆ ಕಿವಿಗೆ ಹತ್ತಿ ತುರುಕಿ ಕೂರುತ್ತಾನೆ, ಎಲ್ಲ ಕಡೆ ಮೌನ ಹೇರಿದರೆ ಎರಡನೆಯವರು ಕ್ಯಾಂಟೀನಿಗೆ ಹೋಗುತ್ತಾರೆ. ಎರಡೂ ಸಂದರ್ಭದಲ್ಲಿ ಕುರ್ಚಿಗಳು ತುಂಬಿಯೇ ಇರುತ್ತವೆ. ಬೇರೆ ಜಾಗವಿಲ್ಲದವರು ಕೆಟ್ಟ ಜಾಗದಲ್ಲೂ ಕೂರುತ್ತಾರೆ ಎಂಬುದನ್ನು ಮರೆತರೆ ತುಂಬಿದ ಕೋಣೆ ನಮ್ಮನ್ನು ದಾರಿ ತಪ್ಪಿಸುತ್ತದೆ.

ಬಾರದವರ ಮಾತು ಇದಕ್ಕಿಂತ ಮುಖ್ಯ ಎಂದು ನನ್ನ ಭಾವನೆ. ರಿಜಿಸ್ಟರಿನಲ್ಲಿ ಅವರ ಹೆಸರೇ ಇಲ್ಲ. ರಾತ್ರಿ ಹತ್ತರವರೆಗೆ ಗ್ರಂಥಾಲಯ ತೆರೆದಿದ್ದರೂ ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಅದಕ್ಕೆ ಮೊದಲೇ ಹಾಕಿದರೆ ಆ ಹೆಚ್ಚುವರಿ ಗಂಟೆಗಳು ಅವರ ಪಾಲಿಗೆ ಇಲ್ಲ. ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವವರ ಗ್ರಂಥಾಲಯದ ವೇಳೆಯನ್ನು ಕೊನೆಯ ಬಸ್ಸು ನಿರ್ಧರಿಸುತ್ತದೆ. ಮಧ್ಯಾಹ್ನ ತರಗತಿಗಳ ನಡುವೆ ಸಿಗುವ ಒಂದು ಗಂಟೆಯಲ್ಲಿ ಬಂದರೆ ಬೆಳಿಗ್ಗೆಯೇ ಎಲ್ಲ ಜಾಗ ಹಿಡಿದಾಗಿರುತ್ತದೆ. ಮೆಟ್ಟಿಲು ಮಾತ್ರ ಇರುವ ಕಟ್ಟಡದಲ್ಲಿ ಗಾಲಿಕುರ್ಚಿಯ ವಿದ್ಯಾರ್ಥಿಗೆ ಮೇಲಿನ ಮಹಡಿಯ ಹೊಸ ಕೋಣೆಗಳನ್ನು ನೋಡಲೂ ಆಗುವುದಿಲ್ಲ. ಬಂದವರನ್ನಷ್ಟೇ ಕೇಳುವ ಸಮೀಕ್ಷೆ ಎಷ್ಟು ಸೊಗಸಾಗಿದ್ದರೂ ಈ ಯಾವ ಸಂಗತಿಯನ್ನೂ ಹೇಳುವುದಿಲ್ಲ. ಸರ್ಕಾರಿ ಹಣದಿಂದ ನಡೆಯುವ ವಿಶ್ವವಿದ್ಯಾಲಯದಲ್ಲಿ ನವೀಕರಣದ ಲಾಭ ಯಾರಿಗೆ ತಲುಪಿತು ಎಂಬ ಪ್ರಶ್ನೆಗೆ ಉತ್ತರವಿಲ್ಲದ ವರದಿ ಅಪೂರ್ಣ.

ಉಳಿದದ್ದು ಹಣ ಮತ್ತು ಸಿಬ್ಬಂದಿಯ ಮಾತು. ಹುದ್ದೆಗಳೇ ಖಾಲಿ ಬಿದ್ದಿರುವಾಗ ಮಾನವಶಾಸ್ತ್ರಜ್ಞರನ್ನು ಎಲ್ಲಿಂದ ತರೋಣ ಎಂದು ಕೇಳುವ ಕುಲಸಚಿವರ ಕಷ್ಟ ನಿಜ. ಆದರೆ ಇದಕ್ಕೆ ಬೇಕಾದ ಸಾಧನಗಳು ಅಗ್ಗ. ನಿಗದಿತ ಹೊತ್ತಿಗೆ ಓದುಕೋಣೆಯಲ್ಲಿ ಒಂದು ಸುತ್ತು ಹಾಕಿ, ನಕ್ಷೆಯ ಮೇಲೆ ಯಾವ ಕುರ್ಚಿಯಲ್ಲಿ ಯಾವ ಕೆಲಸ ನಡೆದಿದೆ ಎಂದು ಹೆಸರು ಬರೆಯದೆ ಗುರುತು ಹಾಕಿಕೊಳ್ಳುವ ವಿಧಾನವನ್ನು ಕೆನಡಾದ ಲಿಸಾ ಗಿವನ್ ಮತ್ತು ಗ್ಲೋರಿಯಾ ಲೆಕಿ ಟೊರಾಂಟೊ, ವ್ಯಾಂಕೂವರ್ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಬಳಸಿ 2003ರಲ್ಲಿ ಪ್ರಕಟಿಸಿದರು. ಅದಕ್ಕೆ ಬೇಕಾದದ್ದು ಹಾಳೆ, ಪೆನ್ಸಿಲ್ ಮತ್ತು ಶಿಸ್ತು. ಇಂಥದೇ ಎಣಿಕೆಗೆ ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಗ್ರಂಥಾಲಯ ‘ಸುಮಾ’ ಎಂಬ ತಂತ್ರಾಂಶ ರೂಪಿಸಿ ಮುಕ್ತವಾಗಿ ಬಿಟ್ಟಿದೆ. ಜನರ ಕೊರತೆಯೂ ಅಷ್ಟಿಲ್ಲ. ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರು, ಕಲಬುರ್ಗಿ, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಗ್ರಂಥಾಲಯ ವಿಜ್ಞಾನ ವಿಭಾಗಗಳಿವೆ. ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಹೇಗೂ ಕಿರುಪ್ರಬಂಧ ಬರೆಯಬೇಕು. ಪ್ರಶ್ನಾವಳಿ ಹಂಚಿ ‘ಹೆಚ್ಚಿನವರು ತೃಪ್ತರಾಗಿದ್ದಾರೆ’ ಎಂದು ಮುಗಿಸುವ ಬದಲು ತಮ್ಮದೇ ವಿಶ್ವವಿದ್ಯಾಲಯದ ಓದುಕೋಣೆಯನ್ನು ಒಂದು ಸೆಮಿಸ್ಟರ್ ಗಮನಿಸಿ ಬರೆದರೆ ಅವರಿಗೂ ವಿದ್ಯೆ, ಗ್ರಂಥಾಲಯಕ್ಕೂ ನೆರವು. ಕೋಟಿಗಳ ನವೀಕರಣದ ಮುಂದೆ ಇದರ ವೆಚ್ಚ ಲೆಕ್ಕಕ್ಕೂ ಸಿಗದಷ್ಟು ಚಿಕ್ಕದು, ನೋಡದೆ ಕಟ್ಟಿ ಮತ್ತೆ ಒಡೆಯುವ ವೆಚ್ಚ ಅದಕ್ಕಿಂತ ಎಷ್ಟೋ ದೊಡ್ಡದು.

ಓದುಗನ ಕಡೆಯಿಂದ ಗ್ರಂಥಾಲಯವನ್ನು ನೋಡುವ ಈ ಬಗೆ ನಮಗೆ ಹೊಸದೇನೂ ಅಲ್ಲ. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಪೋಲಾಗಬಾರದೆಂಬುದರ ಬಗ್ಗೆಯೇ ಇದೆ. ಚೀಟಿ ಬರೆದುಕೊಟ್ಟು ಪುಸ್ತಕಕ್ಕಾಗಿ ಕಾಯುವ ಓದುಗನ ಹೊತ್ತು ಎಷ್ಟು ಹಾಳಾಗುತ್ತದೆಂದು ಯೋಚಿಸಿಯೇ ಅವರು ತೆರೆದ ಕಪಾಟುಗಳ ಪರ ನಿಂತರು. ಅವರೇ ಮುಂದೆ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅವರ ನೆಲೆಯಾದ ನಗರದಲ್ಲೇ ಇರುವ ನ್ಯಾಕ್ ತನ್ನ ಮೌಲ್ಯಾಂಕನ ಪದ್ಧತಿಯನ್ನು ಬದಲಿಸುವುದಾಗಿ 2024ರ ಜನವರಿಯಲ್ಲಿ ಪ್ರಕಟಿಸಿತು. ಹೊಸ ಪದ್ಧತಿಯಲ್ಲಿ ಬಾಗಿಲು ದಾಟಿದವರ ಶೇಕಡಾವಾರನ್ನು ಗ್ರಂಥಾಲಯದ ಅಳತೆಗೋಲಾಗಿ ಇಡಬಾರದು. ನವೀಕರಣಕ್ಕೆ ಮೊದಲು ಮತ್ತು ಅದಾದ ಮೇಲೆ ವಿದ್ಯಾರ್ಥಿಗಳು ಅಲ್ಲಿ ಹೇಗೆ ಕೆಲಸ ಮಾಡುತ್ತಾರೆಂದು ಗಮನಿಸಿ ಬರೆದ ದಾಖಲೆಯನ್ನು ಕೇಳಬೇಕು. ಪಿಎಂ-ಉಷಾದಂಥ ಕೇಂದ್ರ ಯೋಜನೆಗಳಲ್ಲಿ ಕಟ್ಟಡಕ್ಕೆ ಹಣ ಕೊಡುವವರೂ ಆ ದಾಖಲೆ ನೋಡಿಯೇ ಮುಂದಿನ ಕಂತು ಬಿಡಲಿ. ಓದುಗರಲ್ಲಿ ಯಾರಾದರೂ ಗ್ರಂಥಾಲಯ ಸಮಿತಿಯ ಸದಸ್ಯರಾಗಿದ್ದರೆ, ನವೀಕರಣದ ನಕ್ಷೆ ಮೇಜಿನ ಮೇಲೆ ಬಂದ ದಿನ ಗುತ್ತಿಗೆದಾರರ ದರಪಟ್ಟಿಯ ಜೊತೆಗೆ ನಿಮ್ಮ ವಿದ್ಯಾರ್ಥಿಗಳು ಈಗ ಎಲ್ಲಿ, ಯಾವ ಹೊತ್ತಿನಲ್ಲಿ, ಹೇಗೆ ಓದುತ್ತಿದ್ದಾರೆಂಬ ವರದಿಯನ್ನೂ ಕೇಳಿ. ಅದು ಬರುವವರೆಗೆ ಸಹಿ ಹಾಕಬೇಡಿ.